ಗುರುಮಲ್ಲ ಡ್ರೈವರ್ ಆರಿಸಿದ್ದು

ಒಂದೂರು. ಊರ ಪಕ್ಕ ಒಂದು ಗಾಲ್ಫ್ ಮೈದಾನ. ಮೈದಾನಕ್ಕೆ ಹದಿನೆಂಟು ಗುಳಿ. ಹದಿನೆಂಟು ಗುಳಿಗೂ ಸೇರಿ ಒಬ್ಬ ಪೆದ್ದ. ಅವನ ಹೆಸರು ಗುರುಮಲ್ಲ.

ಆಳು ನೋಡಿದರೆ ಲೈಟು ಕಂಬ. ಕೈ ನೋಡಿದರೆ ಏತದ ಮರ. ಬುದ್ಧಿ ನೋಡೋಣ ಅಂತ ಹೋದರೆ, ಅದು ಅವತ್ತು ರಜೆ.

ದೊಡ್ಡ ಮನುಷ್ಯರು ಚೆಂಡು ಹೊಡೀತಾರೆ, ಇವನು ಅವರ ಕೋಲಿನ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ಹೋಗ್ತಾನೆ. ಅಂಥವರಿಗೆ ಅಲ್ಲಿ ಕ್ಯಾಡಿ ಅಂತಾರೆ. ವಾರಕ್ಕೊಂದು ದಿನ ಕ್ಯಾಡಿಗಳೂ ಆಡಬಹುದು. ಹಾಗೆ ಆಡಿ ಆಡಿ ಗುರುಮಲ್ಲನ ಆಟ ಚೆನ್ನಾಗಿಯೇ ಸುಧಾರಿಸಿತ್ತು. ಹೋದ ವರ್ಷ ಹದಿನೆಂಟು ಗುಳಿಗೆ ನೂರಮೂವತ್ತು ಹೊಡೆತ, ಈ ವರ್ಷ ತೊಂಬತ್ತೈದು! ಈ ಆಟದಲ್ಲಿ ಹೊಡೆತ ಕಮ್ಮಿಯಾದಷ್ಟೂ ಒಳ್ಳೇದು. ಹೇಗೆ ಅಂತೀರಾ? ಯಾರೋ ಹೇಳಿದ್ದರು, "ಚೆಂಡು ಬಿಟ್ಟು ಬೇರೇನೂ ನೋಡಬೇಡ" ಅಂತ. ಇವನು ನೋಡಲೇ ಇಲ್ಲ. ಎರಡು ಸಲ ಹಳ್ಳಕ್ಕೆ ಬಿದ್ದ. ಒಂದು ಸಲ ಎಮ್ಮೆಗೆ ಡಿಕ್ಕಿ ಹೊಡೆದ. ಚೆಂಡು ಮಾತ್ರ ನೆಟ್ಟಗೆ ಹೋಯಿತು.

ಅವನ ಅವ್ವ ದೊಡ್ಡತಾಯಮ್ಮ. ಅದೇ ಮೈದಾನದಲ್ಲಿ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ನಡುವೆ ಕಳೆ ಕೀಳೋದು ಅವಳ ಕೆಲಸ. ಹತ್ತೊಂಬತ್ತು ವರ್ಷ ಕೂತು ಕೂತು ಮಂಡಿ ಸವೆದು ಹೋಗಿತ್ತು. ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. "ಇನ್ನೊಂದು ವರ್ಷ ಹೀಗೇ ಕೂತರೆ ಆಮೇಲೆ ನಿನ್ನನ್ನ ಎತ್ತಿಕೊಂಡೇ ತಿರುಗಬೇಕು" ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಕ್ಲಬ್ಬಿನ ಗೋಡೆಗೆ ಒಂದು ನೋಟೀಸು ಅಂಟಿತು. ಭಾನುವಾರ ಕ್ಯಾಡಿಗಳ ಪಂದ್ಯ. ಮೊದಲ ಮೂವರಿಗೆ ಖಾಯಂ ಕೆಲಸ!

ದೊಡ್ಡತಾಯಮ್ಮ ಕಳೆ ಕೀಳೋ ಕುಡುಗೋಲು ಕೆಳಗಿಟ್ಟಳು. "ಲೇ ಮಲ್ಲ, ನೀನು ಮೂರನೇವನಾಗಿ ಬಂದ್ರೂ ಸಾಕು ಕಣ್ಲಾ. ನಾನು ಎದ್ದು ನಿಂತ್ಕತೀನಿ."

"ಎದ್ದೇ ನಿಂತ್ಕೊ ಕಣವ್ವ. ಬತ್ತೀನಿ ಅಂದ್ರೆ ಬತ್ತೀನಿ."

ಧೈರ್ಯಕ್ಕೇನು ಬರ ಇಲ್ಲ. ಆದರೆ ಒಂದು ಸಾಮಾನು ಇರಲಿಲ್ಲ. ಡ್ರೈವರ್! ಚೆಂಡನ್ನ ಮೊದಲನೇ ಹೊಡೆತಕ್ಕೆ ದೂರ ಅಟ್ಟೋಕೆ ಒಂದು ಉದ್ದ ಕೋಲಿರುತ್ತಲ್ಲ, ತುದಿಯಲ್ಲಿ ದಪ್ಪ ತಲೆ ಇರೋದು, ಅದು. ಇವನ ಹತ್ತಿರ ಇದ್ದಿದ್ದು ಯಾರೋ ಕೊಟ್ಟ ಏಳನೇ ನಂಬರಿನ ಕಬ್ಬಿಣದ ಕೋಲೊಂದು, ಚೆಂಡನ್ನ ಗುಳಿಗೆ ದೂಡೋ ಗಿಡ್ಡ ಕೋಲೊಂದು. ಅಷ್ಟೇ.

ಕ್ಲಬ್ಬಿನ ಸೆಕ್ರೆಟರಿ ಬೆಳ್ಯಪ್ಪ. ಕೊಡಗಿನವರು, ಮಿಲಿಟರಿಯಲ್ಲಿ ಇದ್ದು ಬಂದವರು, ಮೀಸೆಯೇ ಎರಡು ಮೊಳ. ಅವರು ಅಪ್ಪಣೆ ಮಾಡಿದರು: "ಮೆಂಬರುಗಳು ಬಿಟ್ಟುಹೋದ ಹಳೇ ಡ್ರೈವರುಗಳು ಸ್ಟೋರ್ ರೂಮಿನಲ್ಲಿ ಒಂದು ಡ್ರಮ್ಮು ತುಂಬ ಇವೆ. ಇಲ್ಲದವರು ಒಂದು ಆರಿಸಿಕೊಳ್ಳಿ. ಸರಿ ಬರದಿದ್ದರೆ ತಂದಿಟ್ಟು ಬೇರೆ ತಗೊಳ್ಳಿ."

ಸೋಮವಾರ ಬೆಳಿಗ್ಗೆ ದೊಡ್ಡತಾಯಮ್ಮ ಮಗನಿಗೆ ತಲೆ ಬಾಚಿ ಹೇಳಿದಳು. "ಲೇ, ಆರಿಸೋದು ಅಂದ್ರೆ ತಮಾಷೆ ಅಲ್ಲ. ಸಂತೇಲಿ ಬದನೆಕಾಯಿ ಆರಿಸ್ತೀವಲ್ಲ, ಹಂಗೆ ಆರಿಸ್ಬೇಕು. ಗೊತ್ತಾಯ್ತೇನ್ಲಾ?"

"ಗೊತ್ತಾಯ್ತು ಕಣವ್ವ. ನಾನೇನ್ ಪೆದ್ದನಾ?"

ಹೋದ. ಡ್ರಮ್ಮಿಗೆ ತಲೆ ತೂರಿಸಿದ. ಒಂದು ಎತ್ತಿದ, "ಇದು ಬಲ್ತೋಗದೆ" ಅಂದ. ಇನ್ನೊಂದು ಎತ್ತಿದ, "ಇದೂ ಬಲ್ತೋಗದೆ." ಮತ್ತೊಂದು ಎತ್ತಿದ, "ಇದರೊಳಗೆ ಬೀಜ ಅಲ್ಲಾಡ್ತದೆ!" ತಳದಲ್ಲಿ ಸಿಕ್ಕಿತು ನೋಡಿ ಒಂದು. ನೇರಳೆ ಬಣ್ಣ, ಮಿರಮಿರ ಮಿಂಚು, ಮುಷ್ಟಿಯಷ್ಟೇ ತಲೆ, ಎಲ್ಲೂ ಹುಳುಕಿಲ್ಲ. ಕುಣಿದುಕೊಂಡು ಮನೆಗೆ ತಂದ. ನೆಲಕ್ಕೆ ಊರಿದ. ಅವನ ಮಂಡಿಗೆ ಬಂತು.

"ಅಯ್ಯೋ ನಿನ್ನ! ಇದ್ಯಾವುದೋ ಒಂದನೇ ಕ್ಲಾಸು ಮಗೀದು ಕಣ್ಲಾ!"

"ಎಳೇದು ಕಣವ್ವ! ನಾಕು ದಿಸ ಇಟ್ರೂ ಬಾಡಾಕಿಲ್ಲ!"

ದೊಡ್ಡತಾಯಮ್ಮ ಅವನ ಕಿವಿ ಹಿಡಿದುಕೊಂಡು ಅಯೂಬ್ ಸಾಬರ ಹತ್ತಿರ ಎಳಕೊಂಡು ಹೋದಳು. ಅಯೂಬ್ ಸಾಬರು ಕ್ಲಬ್ಬಿನ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಕೂತು ಮುರಿದ ಕೋಲು ರಿಪೇರಿ ಮಾಡೋರು. ನಲವತ್ತು ವರ್ಷದ ಕೈ. ಅವರು ಆ ಬದನೆಕಾಯಿ ಕೋಲು ನೋಡಿ ಬೀಡಿ ಆರುವಷ್ಟು ನಕ್ಕರು.

"ತಾಯಮ್ಮಾ, ಬೈಬೇಡ ಬಿಡು. ನೋಡಪ್ಪಾ ಮಲ್ಲ, ಇನ್ನೂ ಕಲೀತಾ ಇರೋನು ನೀನು. ನಿನಗೆ ದೊಡ್ಡ ತಲೆದು ಬೇಕು. ಯಾಕೆ ಹೇಳು? ತಲೆ ದೊಡ್ಡದಾದ್ರೆ ನೀನು ಎಷ್ಟೇ ತಪ್ಪು ಹೊಡಿ, ಅದು ಮಾಫಿ ಮಾಡ್ತದೆ. ದೊಡ್ಡ ತಲೆ, ದೊಡ್ಡ ಮಾಫಿ. ಗೊತ್ತಾಯ್ತಾ?"

"ಗೊತ್ತಾಯ್ತು ಸಾಬ್ರೆ. ನಾನೇನ್ ಪೆದ್ದನಾ?"

ಮಂಗಳವಾರ ಹೋದ. ಕುಂಬಳಕಾಯಿಯಂಥ ತಲೆ ಇರೋ ಡ್ರೈವರ್ ಎತ್ತಿದ. ಸರಿಯಾದ್ದನ್ನೇ ಎತ್ತಿದ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿಗೇ ಮನೆಗೆ ಬಂದಿದ್ದರೆ ಕತೆ ಮುಗೀತಿತ್ತು. ಬರಲಿಲ್ಲ. "ಎಷ್ಟೇ ತಪ್ಪು ಹೊಡಿ ಅಂದವ್ರೆ, ಎಷ್ಟು ತಪ್ಪು ಅಂತ ನೋಡ್ಬುಡಾಣ" ಅಂತ ಚೆಂಡು ಇಟ್ಟ. ಮೈದಾನಕ್ಕೆ ಬೆನ್ನು ಹಾಕಿದ. ಆಫೀಸಿನ ಕಡೆಗೆ ಮುಖ ಮಾಡಿದ. ಬೀಸಿದ ನೋಡಿ!

ಟಣ್! ಕಿಟಕಿ ಗಾಜು ಹೋಯಿತು. ಠಪ್! ಒಳಗಿದ್ದ ಹೂಜಿ ಹೋಯಿತು. ಬೆಳ್ಯಪ್ಪ ಸಾಹೇಬರು ಮೀಸೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಹೊರಗೆ ಬಂದರು.

"ಯಾವನವನು?"

"ನಾನೇ ಸಾ, ಗುರುಮಲ್ಲ!"

"ಕಣ್ಣಿಲ್ವಾ ನಿನಗೆ?"

"ಅವೆ ಸಾ. ಬೇಕೂ ಅಂತ್ಲೇ ತಪ್ಪು ಹೊಡ್ದೆ. ತಲೆ ದೊಡ್ಡದಿದ್ರೆ ಮಾಫಿ ಅಂತೆ." ಸಾಹೇಬರ ತಲೆಯನ್ನ ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ ನೋಡಿದ. "ನಿಮ್ದು ಇದಕ್ಕಿಂತ್ಲೂ ದಪ್ಪ ಅದೆ ಸಾ. ನೀವು ಮಾಫಿ ಮಾಡೇ ಮಾಡ್ತೀರಿ!"

ಸಾಹೇಬರು ಮಾಫಿ ಮಾಡಲಿಲ್ಲ. ಡ್ರೈವರ್ ಕಿತ್ತುಕೊಂಡು, ಆ ದೊಡ್ಡ ತಲೆದನ್ನ ಬೇರೆ ಕ್ಯಾಡಿಗೆ ಕೊಟ್ಟುಬಿಟ್ಟರು. ಇವನನ್ನ ಮೈದಾನದ ಸುತ್ತ ಎರಡು ಸುತ್ತು ಓಡಿಸಿದರು.

ದೊಡ್ಡತಾಯಮ್ಮನಿಗೆ ಸುದ್ದಿ ಮುಟ್ಟಿತು. "ದೊಡ್ಡೋರಿಗೆ ಎದುರು ಮಾತಾಡ್ತೀಯಾ? ನಿನ್ನ ಬಾಯಿಗೆ ಬೀಗ ಹಾಕ! ನೋಡು, ನಾಳೆಯಿಂದ ಬಾಯಿ ಮುಚ್ಕಂಡಿರ್ಬೇಕು. ನಿನಗೆ ಆರಿಸೋಕೆ ಬರಲ್ಲ. ಚೆನ್ನಾಗಿ ಆಡೋ ದೊಡ್ಡೋರು ಯಾವುದು ತಗತಾರೋ ಅದನ್ನೇ ನೀನೂ ತಗೊ. ಗೊತ್ತಾಯ್ತೇನ್ಲಾ?"

ಗುರುಮಲ್ಲ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದ. ನಾಳೆಯಿಂದ ಅಂದಿದ್ದಳು, ಇವನು ಅವತ್ತೇ ಶುರು ಮಾಡಿದ. ರಾತ್ರಿ ಊಟಕ್ಕೂ ಬಾಯಿ ಬಿಡಲಿಲ್ಲ.

ಆ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡೋರು ಅಕ್ಕಿ ಗಿರಣಿ ಶಾಂತವೀರಪ್ಪನವರು. ಬುಧವಾರ ಅವರು ಆಡೋಕೆ ಬಂದರು. ಚೆಂಡು ಇಟ್ಟರು, ಟೋಪಿ ಸರಿ ಮಾಡಿಕೊಂಡರು, ಡ್ರೈವರ್ ತಗೊಂಡರು. ಗುರುಮಲ್ಲನೂ ತಗೊಂಡ. ಯಾವುದನ್ನ? ಅದನ್ನೇ! ಅವರ ಕೈಯಿಂದಲೇ!

"ಏಯ್, ಯಾರಪ್ಪಾ ನೀನು?"

ಗುರುಮಲ್ಲನ ಬಾಯಿ ಮುಚ್ಚಿದೆ.

"ಬಿಡೋ ಅದನ್ನ!"

"ಊಹೂಂ."

ಅವರು ಎಳೆದರು, ಇವನು ಎಳೆದ. ಅವರು ಕೂಗಿದರು, ಇವನು ಮೂಗಲ್ಲಿ ಉಸಿರು ಬಿಟ್ಟ. ಶಾಂತವೀರಪ್ಪನವರ ಟೋಪಿ ಬಿತ್ತು. ಅಯೂಬ್ ಸಾಬರು ಓಡಿ ಬಂದು ಇವನ ಕಂಕುಳಿಗೆ ಕಚಗುಳಿ ಇಟ್ಟ ಮೇಲೆ ಬಾಯಿ ಬಿಟ್ಟ. "ದೊಡ್ಡೋರು ತಗಂಡಿದ್ದೇ ತಗೊ ಅಂದ್ಲು ನಮ್ಮವ್ವ!"

ಶಾಂತವೀರಪ್ಪನವರು ಒಳ್ಳೇ ಮನುಷ್ಯರು, ನಕ್ಕುಬಿಟ್ಟರು. "ಹೊಡಿ ಮತ್ತೆ. ನೋಡೇಬಿಡೋಣ" ಅಂದರು. ಗುರುಮಲ್ಲ ಹೊಡೆದ. ಚೆಂಡು ಮೇಲಕ್ಕೇ ಏಳಲಿಲ್ಲ. ಹುಲ್ಲಲ್ಲಿ ಇಲಿ ಓಡಿದ ಹಾಗೆ ಹತ್ತು ಮಾರು ಓಡಿ ನಿಂತಿತು.

"ನೋಡಿದೆಯಾ? ಇದರ ಮುಖ ನೆಟ್ಟಗಿದೆ, ಕಡ್ಡಿ ಗಟ್ಟಿ. ಇದು ನನಗೆ ಸರಿ, ನಿನಗಲ್ಲ. ನಿನಗೆ ಮುಖ ಒಂಚೂರು ಆಕಾಶ ನೋಡೋ ಹಾಗಿರಬೇಕು, ಆಗ ಚೆಂಡು ಏಳುತ್ತೆ. ಕಡ್ಡಿ ಬಳುಕಬೇಕು, ಆಗ ದೂರ ಹೋಗುತ್ತೆ. ಸುಮ್ಮನೆ ಎತ್ತಿಕೊಂಡು ಬರಬೇಡ. ಬಗ್ಗಿಸಿ ನೋಡಿ ತಗೊ. ಗೊತ್ತಾಯ್ತಾ?"

"ಗೊತ್ತಾಯ್ತು ಸಾ. ನಾನೇನ್ ಪೆದ್ದನಾ?"

ಗುರುವಾರ. ಡ್ರಮ್ಮಿನಲ್ಲಿ ಇನ್ನೂ ಹತ್ತು ಡ್ರೈವರ್ ಇದ್ದವು. ಮೊದಲನೇದು ಎತ್ತಿದ. ಮುಖ ಆಕಾಶ ನೋಡ್ತಿತ್ತು. ಕಡ್ಡಿ ಬಗ್ಗಿಸಿದ, ಬಳುಕಿತು. ತಲೆನೂ ದೊಡ್ಡದೇ. ಇವನಿಗಂತಲೇ ಮಾಡಿಸಿದ ಹಾಗಿತ್ತು! "ಬಳುಕ್ತದೆ! ಎಷ್ಟು ಬಳುಕ್ತದೋ!" ಅಂತ ಮಂಡಿಗೆ ಕೊಟ್ಟು ಇನ್ನೊಂಚೂರು ಬಗ್ಗಿಸಿದ. ಇನ್ನೂ ಒಂಚೂರು.

ಲಟಕ್!

"ಇದು ಸರಿ ಇಲ್ಲ" ಅಂತ ಪಕ್ಕಕ್ಕಿಟ್ಟ. ಎರಡನೇದು ಎತ್ತಿದ. ಬಗ್ಗಿಸಿದ. ಲಟಕ್! "ಇದೂ ಸರಿ ಇಲ್ಲ." ಮೂರನೇದು, ಲಟಕ್! ನಾಲ್ಕನೇದು, ಲಟಕ್! ಸೌದೆ ಮುರಿಯೋ ಸದ್ದು ಕೇಳಿ ಬೆಳ್ಯಪ್ಪ ಸಾಹೇಬರು ಬರೋ ಹೊತ್ತಿಗೆ ಒಂಬತ್ತು ತುಂಡಾಗಿ ಸಾಲಾಗಿ ಮಲಗಿದ್ದವು.

"ಏನೋ ಇದು!"

"ಸಾ, ನಿಮ್ಗೆ ಮೋಸ ಆಗದೆ ಸಾ! ಎಲ್ಲಾ ಕಳಪೆ ಮಾಲು! ಒಂದೂ ನಿಲ್ಲಾಕಿಲ್ಲ!"

ಸಾಹೇಬರ ಮೀಸೆ ಅಲ್ಲಾಡ್ತಿತ್ತು. ಪಂದ್ಯದಿಂದ ಹೆಸರೇ ತೆಗೆದು ಹಾಕಬೇಕು ಅಂತ ಪೆನ್ನು ತೆಗೆದರು. ಅಷ್ಟರಲ್ಲಿ ದೊಡ್ಡತಾಯಮ್ಮ ಕುಂಟುತ್ತಾ ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತಳು. ಉಸಿರು ಬಿಡೋಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಾಹೇಬರು ಅವಳ ಮಂಡಿ ನೋಡಿದರು. ಪೆನ್ನು ಜೇಬಿಗೆ ಹಾಕಿದರು.

ಡ್ರಮ್ಮಿನಲ್ಲಿ ಒಂದೇ ಒಂದು ಉಳಿದಿತ್ತು. ಹಳೇ ಕಾಲದ್ದು. ಮರದ ತಲೆ, ಉಕ್ಕಿನ ಕಡ್ಡಿ. ತಲೆ ಮೇಲೆ ಪಾಲಿಶು ಇನ್ನೂ ಫಳಫಳ ಅಂತಿತ್ತು.

"ತಗೊ. ಇದೇ ಕೊನೇದು. ಈಗಿನ ಕಾಲದಲ್ಲಿ ಇಂಥದ್ದು ಎಲ್ಲೂ ಸಿಗಲ್ಲ, ಗೊತ್ತಾ? ಇದಕ್ಕೆ ನೀರು ತಾಗಬಾರದು. ಮಣ್ಣು ತಾಗಬಾರದು. ಒಂದೇ ಒಂದು ಗೀರು ಬಿತ್ತೋ, ನಿನ್ನ ಚರ್ಮ ಸುಲಿದು ಇದಕ್ಕೆ ಕವರು ಹೊಲಿಸ್ತೀನಿ. ತಿಳೀತಾ?"

"ಸಾಹೇಬ್ರು ಹೇಳಿದ್ದು ಕೇಳಿದ್ಯೇನ್ಲಾ?" ಅಂದಳು ಅವ್ವ. "ಅವರು ಹೇಳ್ದಂಗೆ ನಡ್ಕೊ. ಒಂದು ಅಕ್ಷರ ತಪ್ಪಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ. ನಾನೇನ್ ಪೆದ್ದನಾ?"

ಭಾನುವಾರ ಬಂತು. ಮೈದಾನದ ಸುತ್ತ ಜನ. ಇಪ್ಪತ್ತನಾಲ್ಕು ಕ್ಯಾಡಿಗಳು ಇಸ್ತ್ರಿ ಅಂಗಿ ಹಾಕಿಕೊಂಡು ಡ್ರೈವರ್ ಬೀಸಿ ಬೀಸಿ ಕೈ ಬಿಸಿ ಮಾಡಿಕೊಳ್ತಿದ್ದಾರೆ. ಗುರುಮಲ್ಲ ಬಂದ. ಡ್ರೈವರ್‌ಗೆ ಮೊದಲು ಒಂದು ಟವೆಲ್ಲು ಸುತ್ತಿದ್ದ. ಅದರ ಮೇಲೆ ಅವ್ವನ ಹಳೇ ಸೀರೆ. ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ. ಅದರ ಮೇಲೆ ಹುರಿ. ಒಂದು ಕೈಲಿ ಅದು, ಇನ್ನೊಂದು ಕೈಲಿ ಅದಕ್ಕೆ ಕೊಡೆ.

ಮೊದಲನೇ ಗುಳಿ. ಎಲ್ಲರೂ ಡ್ರೈವರ್‌ನಲ್ಲಿ ಹೊಡೆದರು. ಇವನ ಸರದಿ ಬಂತು. ಗಂಟು ಕೆಳಗೆ ಹುಲ್ಲಿನ ಮೇಲಿಡದೆ ಒಂದು ಕುರ್ಚಿ ತರಿಸಿ ಅದರ ಮೇಲೆ ಕೂರಿಸಿದ. ಏಳನೇ ನಂಬರಿನ ಕಬ್ಬಿಣ ತೆಗೆದ. ಹೊಡೆದ.

"ಡ್ರೈವರ್ ಯಾಕೆ ಬಿಚ್ಚಲಿಲ್ಲ?" ಅಂತ ಜೊತೆಯಲ್ಲಿ ಆಡ್ತಿದ್ದ ಚೆನ್ನಂಜ ಕೇಳಿದ.

"ಚೆಂಡು ತಾಗಿದ್ರೆ ಗೀರು ಬೀಳ್ತದೆ ಕಣೋ! ನಿಂಗೊತ್ತಿಲ್ವಾ?"

ಚೆನ್ನಂಜ ಬಿದ್ದು ಬಿದ್ದು ನಕ್ಕ. ಆದರೆ ಈಗ ಕೇಳಿ ತಮಾಷೆ. ಡ್ರೈವರ್ ಬೀಸಿದವರ ಚೆಂಡು ದೂರ ಹೋಯಿತು, ಖಂಡಿತ ಹೋಯಿತು. ಒಬ್ಬನದು ಲಂಟಾನ ಪೊದೆಗೆ, ಒಬ್ಬನದು ಕೆರೆಗೆ, ಒಬ್ಬನದು ಪಂಪ್‌ಹೌಸಿನ ಮೇಲಕ್ಕೆ. ಇವನ ಕಬ್ಬಿಣದ ಹೊಡೆತ ಅರ್ಧ ದೂರವೇ ಹೋಗೋದು, ಆದರೆ ನೆಟ್ಟಗೆ ಹೋಗೋದು. ಟಕ್, ಟಕ್, ಟಕ್, ಗುಳಿ! ಟಕ್, ಟಕ್, ಟಕ್, ಗುಳಿ! ಆರನೇ ಗುಳಿಗೆ ಹನ್ನೊಂದನೇ ಜಾಗ. ಹನ್ನೆರಡನೇ ಗುಳಿಗೆ ಐದನೇ ಜಾಗ. ಹದಿನೇಳು ಮುಗಿಯೋ ಹೊತ್ತಿಗೆ ಎರಡನೇ ಜಾಗ! ಚೆನ್ನಂಜ ನಾಲ್ಕನೆಯವನಾಗಿ ನಗು ನಿಲ್ಲಿಸಿದ್ದ.

ಹದಿನೆಂಟನೇ ಗುಳಿ ಚಿಕ್ಕದು. ಕಬ್ಬಿಣದಲ್ಲೇ ಒಂದು ಹೊಡೆತಕ್ಕೆ ಮುಟ್ಟುತ್ತೆ. ಗುರುಮಲ್ಲ ಹೊಡೆದ. ಚೆಂಡು ಹೋಗಿ ಗುಳಿಯಿಂದ ಒಂದೇ ಒಂದು ಗೇಣು ದೂರಕ್ಕೆ ನಿಂತಿತು! ಇನ್ನೇನು? ಗಿಡ್ಡ ಕೋಲಲ್ಲಿ ಮುಟ್ಟಿದರೆ ಸಾಕು, ಒಳಗೆ. ಖಾಯಂ ಕೆಲಸ ಒಂದು ಗೇಣು ದೂರದಲ್ಲಿದೆ. ಬೆಳ್ಯಪ್ಪ ಸಾಹೇಬರೇ ಉಸಿರು ಹಿಡಿದು ನಿಂತಿದ್ದಾರೆ.

ಆಗ ಬಂದಳು ದೊಡ್ಡತಾಯಮ್ಮ. ಬೆಳಗಿನಿಂದ ದೂರದ ಮೂಲೆಯಲ್ಲಿ ಕಳೆ ಕೀಳ್ತಿದ್ದವಳಿಗೆ ಯಾರೋ ಹೇಳಿದ್ದರು, "ನಿನ್ನ ಮಗ ಡ್ರೈವರ್ ಬಿಚ್ಚೇ ಇಲ್ಲ, ಗಂಟು ಕಟ್ಟಿ ಕೂರಿಸಿದಾನೆ" ಅಂತ. ಅಷ್ಟು ಹೇಳಿದವರು ಎರಡನೇ ಜಾಗದ ವಿಷಯ ಹೇಳಲೇ ಇಲ್ಲ. ಜನರ ಬೆನ್ನ ಹಿಂದೆ ನಿಂತಳು, ಚೆಂಡೂ ಕಾಣಲ್ಲ, ಗುಳಿಯೂ ಕಾಣಲ್ಲ. ಮಗನ ತಲೆ, ಪಕ್ಕದ ಕುರ್ಚಿ ಮೇಲೆ ಗಂಟು, ಇಷ್ಟೇ ಕಂಡಿದ್ದು. ಎದೆ ಒಡೆಯೋ ಹಾಗೆ ಕೂಗಿದಳು:

"ಲೇ ಮಲ್ಲಾ! ಬಿಚ್ಚೋ ಆ ಡ್ರೈವರ್‌ನ! ಗೀರು ಬಿದ್ರೆ ಬೀಳ್ಲಿ! ಮೈಯಲ್ಲಿರೋ ಬಲ ಎಲ್ಲಾ ಹಾಕಿ ಹೊಡಿಯೋ!"

"ಬೇಡ! ಬೇಡ!" ಅಂತ ಅಯೂಬ್ ಸಾಬರು ಓಡಿದರು. ಯಾರ ಮಾತು ಕೇಳಬೇಕು ಹೇಳಿ? ಹೆತ್ತವ್ವನದಲ್ಲವಾ?

ಹುರಿ ಬಿಚ್ಚಿದ. ಚೀಲ ಬಿಚ್ಚಿದ. ಸೀರೆ ಬಿಚ್ಚಿದ. ಟವೆಲ್ಲು ಬಿಚ್ಚಿದ. ಡ್ರೈವರ್ ಎತ್ತಿದ, ಬೆನ್ನ ಹಿಂದಕ್ಕೆ ಪೂರ್ತಿ ತಂದ, ಬೀಸಿದ!

ಢಂ!

ಏನು ಹೊಡೆತ ಸ್ವಾಮಿ ಅದು! ಆ ಕ್ಲಬ್ಬಿನಲ್ಲಿ ಅಂಥ ಹೊಡೆತ ಯಾರೂ ಹೊಡೆದಿರಲಿಲ್ಲ. ಚೆಂಡು ಬಿದಿರು ಮೆಳೆ ದಾಟಿತು, ಬೇಲಿ ದಾಟಿತು, ಆ ಕಡೆ ರೋಡಿನಲ್ಲಿ ಹೋಗ್ತಿದ್ದ ಎಲೆಕೋಸಿನ ಲಾರಿಯೊಳಗೆ ಬಿತ್ತು. ಲಾರಿ ನಿಲ್ಲಲಿಲ್ಲ, ಹೋಯಿತು.

ಗುರುಮಲ್ಲ ಡ್ರೈವರ್ ನೋಡಿದ. "ಸಾ, ಒಂದೇ ಗೀರು ಸಾ!"

"ಚರ್ಮ ಆಮೇಲೆ ಸುಲೀತೀನಿ!" ಬೆಳ್ಯಪ್ಪ ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿದರು. "ಚೆಂಡು ಬೇಲಿ ದಾಟಿದ್ದಕ್ಕೆ ದಂಡ ಸೇರಿ ಎರಡು ಹೊಡೆತ ಹೋಯ್ತು. ಎರಡನೇ ಜಾಗ ಹೋಯ್ತು. ಆದರೆ ಮೂರನೇದು ಇನ್ನೂ ಇದೆ ಕಣೋ, ಪುಣ್ಯಾತ್ಮ! ಇನ್ನೊಂದು ಚೆಂಡು ತಗೊ. ಇದ್ದ ಜಾಗದಲ್ಲೇ ಇಡು. ಈ ಸಲ ಮೆಲ್ಲಗೆ. ಮೆಲ್ಲಗೆ!"

ಅಷ್ಟು ಹೊತ್ತಿಗೆ ದೊಡ್ಡತಾಯಮ್ಮ ಜನರನ್ನ ನೂಕಿಕೊಂಡು ಮುಂದೆ ಬಂದಿದ್ದಳು. ಗುಳಿ ನೋಡಿದಳು. ಗೇಣು ನೋಡಿದಳು. ತಾನು ಏನು ಮಾಡಿದೆ ಅಂತ ಗೊತ್ತಾಯಿತು. ಕೈ ಮುಗಿದುಕೊಂಡು ಹೇಳಿದಳು:

"ಬಲ ಹಾಕ್ಬೇಡ್ವೋ ನಮ್ಮಪ್ಪಾ! ಕೂಸಿಗೆ ತಟ್ಟಿ ಮಲಗಿಸ್ತೀವಲ್ಲ, ಹಂಗೆ ತಟ್ಟೋ! ಹಂಗೆ!"

"ಹಂಗಾ? ಅಷ್ಟೇನಾ? ಮೊದ್ಲೇ ಹೇಳ್ಬಾರ್ದಾ!"

ಗುರುಮಲ್ಲ ಡ್ರೈವರ್ ಪಕ್ಕಕ್ಕಿಟ್ಟ. ಚೆಂಡಿಟ್ಟ. ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಅವನು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಚೆಂಡನ್ನ ಎರಡೂ ಕೈಯಲ್ಲಿ ಎತ್ತಿ ತೊಡೆ ಮೇಲೆ ಹಾಕಿಕೊಂಡ. ಎರಡೇ ಬೆರಳಲ್ಲಿ ತಟ್ಟಿದ. ತೊಡೆ ಆಡಿಸಿದ. "ಜೋ ಜೋ" ಅಂದ. ಕಣ್ಣಿನ ಹತ್ತಿರ ತಂದು ನೋಡಿ, ಖಾತ್ರಿ ಮಾಡಿಕೊಂಡು, ಮೆಲ್ಲಗೆ, ಬಹಳ ಮೆಲ್ಲಗೆ, ಗುಳಿಯೊಳಗೆ ಇಳಿಸಿ ಮಲಗಿಸಿದ. ಮೇಲೆ ಟವೆಲ್ಲು ಹೊದಿಸಿದ.

ಬೆಳ್ಯಪ್ಪ ಸಾಹೇಬರು ಆಕಾಶ ನೋಡಿದರು. ಕ್ಲಬ್ಬು ನೋಡಿದರು. ದೊಡ್ಡತಾಯಮ್ಮನ ಮಂಡಿ ಇನ್ನೊಂದು ಸಲ ನೋಡಿದರು. ತಟಕ್ಕನೆ ಬೆನ್ನು ತಿರುಗಿಸಿ ನಿಂತರು. "ಗುರುಮಲ್ಲ, ನಾನು ಈಗ ಬಿದಿರು ಮೆಳೆ ನೋಡ್ತಿದ್ದೀನಿ. ನನಗೇನೂ ಕಾಣಿಸ್ತಿಲ್ಲ. ಕೈಯಲ್ಲಿ ಹಾಕಿದ್ದು ಲೆಕ್ಕಕ್ಕಿಲ್ಲ. ಆ ಚೆಂಡು ತೆಗೆದು ಗೇಣು ದೂರಕ್ಕಿಟ್ಟು, ಕೋಲಲ್ಲಿ ಒಂದೇ ಒಂದು ಸಲ ಹೊಡೆದುಬಿಡು."

"ಹೊಡಿಯೋ!" ಅಂದರು ಅಯೂಬ್ ಸಾಬರು.

"ಹೊಡಿಯೋ ನನ್ನ ರಾಜ!" ಅಂದಳು ಅವ್ವ.

ಗುರುಮಲ್ಲನಿಗೆ ಸಿಟ್ಟು ಬಂತು. ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ತುಟಿ ಮೇಲೆ ಬೆರಳಿಟ್ಟ.

"ಶ್! ಈಗ ತಾನೇ ಕಣ್ಣು ಮುಚ್ಕಂಡದೆ. ಮಲಗಿರೋ ಕೂಸಿಗೆ ಯಾರಾದ್ರೂ ಹೊಡೀತಾರಾ? ನಿಮ್ಗೆಲ್ಲಾ ಬುದ್ಧಿ ಅದಾ?"

ಸಾಹೇಬರು ಎಣಿಸಿದರು, ಹತ್ತರ ತನಕ. ಇಪ್ಪತ್ತರ ತನಕ. ಆಮೇಲೆ ಈ ಕಡೆ ತಿರುಗಿ, ಪೆನ್ನು ತೆಗೆದು, ಹೆಸರಿನ ಮೇಲೆ ಗೀಟು ಎಳೆದರು. ಮೂರನೇ ಕೆಲಸ ಚೆನ್ನಂಜನಿಗೆ ಹೋಯಿತು.

ದೊಡ್ಡತಾಯಮ್ಮ ಅಲ್ಲೇ ಕುಸಿದು ಕೂತಳು. ಎರಡೂ ಕೈಯಲ್ಲಿ ಹಣೆ ಹಣೆ ಚಚ್ಚಿಕೊಂಡಳು, ಪಟ್ ಪಟ್ ಪಟ್ ಅಂತ.

ಗುರುಮಲ್ಲ ಗುಳಿಗೆ ಅಡ್ಡವಾಗಿ ಕೈ ಹಿಡಿದ.

"ಮೆಲ್ಲಗೆ ಚಚ್ಕಳವ್ವ! ಎದ್ಬುಟ್ರೆ ಮತ್ತೆ ಮಲಗ್ಸೋದು ನಾನೇ ತಾನೆ?"